ವೈರಿಂಗ್ ನೀಟು, ವೈರ್ ಎಳೆಯೋದು ಮಾತ್ರ ಒರಟು

ನಮ್ಮ ಹೊಸ ಮನೆಗೆ ವೈರಿಂಗ್ ಮಾಡಿದ ಕಾಂಟ್ರಾಕ್ಟರ್‌ಗೆ ಐದರಲ್ಲಿ ಮೂರು ಸ್ಟಾರ್. ಬೋರ್ಡ್ ಕೂರಿಸಿದ್ದೆಲ್ಲ ಚೆನ್ನಾಗಿದೆ. ಆದರೆ ಅಡುಗೆಮನೆ ಲೈನಿನಲ್ಲಿ ಪೈಪ್ ಬೆಂಡ್ ಇದ್ದ ಕಡೆ ಹುಡುಗರು 2.5 ಚದರ ಮಿ.ಮೀ. ವೈರನ್ನು ಸುಮ್ನೆ ಜಗ್ಗಿ, ಮೇಲಿನ ಪಿವಿಸಿ ಹೊದಿಕೆ ಸುಲಿದು ತಾಮ್ರ ಕಾಣುವ ಹಾಗೆ ಮಾಡಿದರು. "ಟೇಪ್ ಸುತ್ತಿದ್ರೆ ಸಾಕು ಸಾರ್" ಅಂತೆ! ಟೇಪ್ ಸುತ್ತಿದ ವೈರನ್ನು ಪೈಪಿನೊಳಗೆ ತಳ್ಳೋದಾ? ಬಿಸಿಗೆ ಅಂಟು ಬಿಟ್ಟರೆ ಯಾರಿಗೆ ಕಾಣುತ್ತೆ? ಒಂದು ಜಂಕ್ಷನ್ ಬಾಕ್ಸಿಂದ ಇನ್ನೊಂದರವರೆಗೆ ಹೊಸ ವೈರೇ ಹಾಕಿ ಅಂತ ಪಟ್ಟು ಹಿಡಿದೆ. ಗೊಣಗುತ್ತಲೇ ಬದಲಿಸಿದರು, ಆದರೆ ದುಡ್ಡು ಜಾಸ್ತಿ ಕೇಳಲಿಲ್ಲ, ಅದನ್ನು ಮೆಚ್ಚಬೇಕು. ವೈರಿನ ಹೊದಿಕೆಯಿಂದ ಕರೆಂಟ್ ಸೋರುತ್ತಾ ಅಂತ ನೋಡುವ 500 ವೋಲ್ಟ್ ಮೆಗ್ಗರ್ ಟೆಸ್ಟ್ ಮಾತ್ರ ನಾನೇ ಕೇಳಿ ಮಾಡಿಸಬೇಕಾಯಿತು. ರೀಡಿಂಗ್ 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಒಪ್ಪಬೇಡಿ. ಇವರಿಗೆ ಕೆಲಸ ಕೊಡುವುದಾದರೆ ವೈರ್ ಎಳೆಯುವ ದಿನ ಪಕ್ಕದಲ್ಲೇ ನಿಂತಿರಿ.