ಐದು ಮಳೆಗಾಲ, ಒಂದು ಪುಟ್ಟ ಕ್ಯಾಮೆರಾ: ಮರವಂತೆಯ ಕಡಲ ಬದಿಯಲ್ಲಿ ಒಲಿಂಪಸ್ ಟಿಜಿ-6

2019ರ ಆಗಸ್ಟ್‌ನಲ್ಲಿ ನನ್ನ ಡಿಎಸ್‌ಎಲ್‌ಆರ್ ಕ್ಯಾಮೆರಾ ಕೆಟ್ಟಿತು. ಮಳೆಯಲ್ಲಿ ನೆನೆದು ಕೆಟ್ಟದ್ದಲ್ಲ. ಮಳೆ ಬಂದರೆ ಪ್ಲಾಸ್ಟಿಕ್ ಕವರ್ ತಪ್ಪದೆ ಹಾಕುತ್ತಿದ್ದೆ. ಮಳೆ ಬಿಟ್ಟಿದೆಯಲ್ಲ ಎಂದು ಕವರ್ ತೆಗೆದು, ಪಡುಗಾಳಿಗೆ ಮುಖ ಕೊಟ್ಟು ದಡದಲ್ಲಿ ನಿಂತ ಮೂರು ಬೆಳಗುಗಳು ಅದಕ್ಕೆ ಸಾಕಾದವು. ಅಲೆ ಒಡೆದಾಗ ಹೊಗೆಯಂತೆ ಹಾರುವ ಉಪ್ಪುನೀರು ಕಣ್ಣಿಗೆ ಕಾಣುವುದೇ ಇಲ್ಲ, ಕನ್ನಡಕ ಒರೆಸಿದಾಗ ಮಾತ್ರ ಗೊತ್ತಾಗುತ್ತದೆ. ರಿಪೇರಿಯವರು ಕ್ಯಾಮೆರಾ ಬಿಚ್ಚಿ ತೋರಿಸಿದಾಗ ಒಳಗಿನ ಬೋರ್ಡಿನ ಮೇಲೆ ಹಸಿರು ಕಿಲುಬು ಕಟ್ಟಿತ್ತು. ತಪ್ಪು ಪೂರ್ತಿ ನನ್ನದೇ.

ಮುಂದಿನ ಫೆಬ್ರವರಿಯಲ್ಲಿ ಒಲಿಂಪಸ್ ಟಫ್ ಟಿಜಿ-6 ಕೊಂಡೆ. 253 ಗ್ರಾಂ ತೂಕ, ಅಂಗಿಯ ಜೇಬಿನಲ್ಲಿ ಕೂರುತ್ತದೆ. ಕಂಪನಿ ಹೇಳುವ ಪ್ರಕಾರ 15 ಮೀಟರ್ ಆಳದ ನೀರಿಗೂ, 2.1 ಮೀಟರ್ ಎತ್ತರದಿಂದ ಬಿದ್ದರೂ ತಡೆಯುತ್ತದೆ. 2020ರಿಂದ 2024ರವರೆಗೆ ಐದು ಮಳೆಗಾಲ ಅದೊಂದನ್ನೇ ಹಿಡಿದು ಉಡುಪಿ ಜಿಲ್ಲೆಯ ಮರವಂತೆ, ತ್ರಾಸಿ, ಗಂಗೊಳ್ಳಿ ಕಡೆಯ ಕಡಲ ಬದಿ ಸುತ್ತಿದ್ದೇನೆ. ಅಂಗಡಿಯಲ್ಲಿ ನಿಂತು ಬರೆಯುವ ವಿಮರ್ಶೆಗಳಲ್ಲಿ ಸಿಗದ ಕೆಲವು ಸಂಗತಿ ಈಗ ಹೇಳಬಲ್ಲೆ ಅನ್ನಿಸಿತು.

ಇಲ್ಲಿಯ ಮಳೆಗಾಲ ಗೊತ್ತಿಲ್ಲದವರಿಗೆ ಸ್ವಲ್ಪ ವಿವರ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ದೊಡ್ಡ ಬೋಟುಗಳೆಲ್ಲ ಬಂದರಿನಲ್ಲಿ ಲಂಗರು ಹಾಕಿರುತ್ತವೆ. ಕಡಲಿಗಿಳಿಯುವುದು ನಾಡದೋಣಿಗಳು ಮಾತ್ರ, ಅವೂ ದಿನಾ ಅಲ್ಲ. ಮೀನುಗಾರರು 'ತೂಫಾನ್' ಆಗಬೇಕು ಎಂದು ಕಾಯುತ್ತಾರೆ. ಕಡಲು ಒಮ್ಮೆ ತಳದವರೆಗೆ ಕದಡಿ, ಆಮೇಲೆ ಗಾಳಿ ತಗ್ಗಿದರೆ ಚಟ್ಲಿ (ಸಿಗಡಿ), ಬೈಗೆ (ಬೂತಾಯಿ), ಬಂಗುಡೆ ದಡದ ಹತ್ತಿರ ಬರುತ್ತವೆ ಎಂಬುದು ಅವರ ಅನುಭವ. ತೂಫಾನ್ ಆಗದ ವರ್ಷ ಬಲೆ ಶೆಡ್ಡಿನಲ್ಲೇ ಇರುತ್ತದೆ, ಮನೆಯ ಲೆಕ್ಕವೂ ತಪ್ಪುತ್ತದೆ. ಹೊರಗಿನವರು ಹೆದರುವ ಗಾಳಿಗೆ ಇಲ್ಲಿಯವರು ಎದುರು ನೋಡುವುದು ಇದಕ್ಕೇ. ಹಾಗಾಗಿ ಇಲ್ಲಿ ಫೋಟೊ ತೆಗೆಯುವವನಿಗೆ ಒಳ್ಳೆಯ ಬೆಳಗು ಸಿಗುವುದು ಗಾಳಿ ತಗ್ಗಿದ ಮಾರನೆಯ ದಿನ. ಆಗಲೂ ಅಲೆ ಆಳೆತ್ತರವೇ ಇರುತ್ತದೆ, ಮಳೆ ಬಂದೂ ಹೋಗಿಯೂ ಇರುತ್ತದೆ.

ಈ ಕ್ಯಾಮೆರಾದ ಬೆಲೆ ನನಗೆ ಗೊತ್ತಾದದ್ದು ಅಂಥ ಒಂದು ಬೆಳಿಗ್ಗೆ. ಮೊದಲ ಮಳೆಗಾಲ, ಜುಲೈ. ಒಂದು ದೋಣಿ ಅಲೆಯ ಮೇಲೆ ಬಂದು ಮರಳಿಗೆ ತಾಗಿತ್ತು. ಹಿಂದಿನಿಂದ ಇನ್ನೊಂದು ಅಲೆ ಬರುವುದರೊಳಗೆ ಅದನ್ನು ಮೇಲೆ ಎಳೆಯಬೇಕು, ಇಲ್ಲವಾದರೆ ದೋಣಿ ಅಡ್ಡ ತಿರುಗಿ ಮಗುಚುತ್ತದೆ. ಹತ್ತಾರು ಜನ ಎರಡೂ ಬದಿ ಹೆಗಲು ಕೊಟ್ಟಿದ್ದರು. ನಾನು ಮಂಡಿಯುದ್ದದ ನೀರಿನಲ್ಲಿ ನಿಂತು ಅವರ ಕೈಗಳ ಫೋಟೊ ತೆಗೆಯುತ್ತಿದ್ದೆ. ಬುಟ್ಟಿ ಹಿಡಿದು ನಿಂತಿದ್ದ ಹಿರಿಯ ಹೆಂಗಸೊಬ್ಬರು ಕೂಗಿದರು: "ಹ್ವಾಯ್ ಮಾಷ್ಟ್ರೆ, ಫೋಟೊ ಮತ್ತ್ ತೆಗುಕ್ ಆತ್ತ್, ಒಂದ್ ಕೈ ಹಾಕಿ!" ಕ್ಯಾಮೆರಾವನ್ನು ಮುಂಗೈಯ ಪಟ್ಟಿಯಲ್ಲಿ ಹಾಗೇ ಇಳಿಬಿಟ್ಟು ದೋಣಿಗೆ ಕೈ ಕೊಟ್ಟೆ. ಎರಡು ಅಲೆ ನಮ್ಮ ಸೊಂಟದ ಮೇಲೆ ಹಾದುಹೋದವು. ದೋಣಿ ಮೇಲೆ ಬಂದ ನಂತರ ನೋಡಿದರೆ ಕ್ಯಾಮೆರಾಕ್ಕೆ ಏನೂ ಆಗಿರಲಿಲ್ಲ, ಗುಂಡಿಗಳ ಸಂದಿನಲ್ಲಿ ಮರಳು ಅಷ್ಟೇ. ಹಳೆಯ ಕ್ಯಾಮೆರಾ ಕೈಯಲ್ಲಿದ್ದಿದ್ದರೆ ಅದನ್ನು ಎದೆಗವಚಿಕೊಂಡು ದೂರ ಓಡುತ್ತಿದ್ದೆ. ಆ ದಿನದಿಂದ ಶೆಡ್ಡಿನಲ್ಲಿ ನನಗೊಂದು ಮರದ ಸ್ಟೂಲು ಸಿಕ್ಕಿದೆ.

ಮೊಬೈಲಿನಲ್ಲೇ ತೆಗೆಯಬಾರದೇ ಎಂದು ಎಷ್ಟೋ ಜನ ಕೇಳಿದ್ದಾರೆ. ಮಳೆಹನಿ ಬಿದ್ದ ಟಚ್ ಸ್ಕ್ರೀನ್ ಬೆರಳಿನ ಮಾತು ಕೇಳುವುದಿಲ್ಲ. ಟಿಜಿ-6ರಲ್ಲಿ ಟಚ್ ಇಲ್ಲ, ಎಲ್ಲ ಗುಂಡಿಗಳೇ. ಒದ್ದೆ ಕೈಯಲ್ಲಿ, ಮೀನಿನ ಲೋಳೆ ಹತ್ತಿದ ಬೆರಳಿನಲ್ಲೂ ನಡೆಯುತ್ತದೆ. ಜೂಮ್ ಮಾಡಿದಾಗ ಲೆನ್ಸ್ ಹೊರಗೆ ಬರುವುದಿಲ್ಲ, ಎಲ್ಲ ಚಲನೆಯೂ ಗಾಜಿನ ಒಳಗೇ. ಮರಳು ನುಗ್ಗುವ ದಾರಿ ಅಲ್ಲಿಗೆ ಮುಚ್ಚಿತು.

ಬಹಳ ಉಪಯೋಗಕ್ಕೆ ಬಂದದ್ದು ಪ್ರೊ ಕ್ಯಾಪ್ಚರ್. ಗುಂಡಿಯನ್ನು ಅರ್ಧ ಒತ್ತಿ ಹಿಡಿದಿದ್ದರೆ, ಪೂರ್ತಿ ಒತ್ತುವ ಮುಂಚಿನ ಅರ್ಧ ಸೆಕೆಂಡಿನ ಚಿತ್ರಗಳೂ ಉಳಿಯುತ್ತವೆ. ದೋಣಿಯ ಮೂತಿ ಅಲೆಯನ್ನು ಸೀಳಿ ಆಕಾಶಕ್ಕೆ ಎದ್ದು ನಿಲ್ಲುವ ಗಳಿಗೆ ಕಣ್ಣಿಗೆ ಕಂಡು ಬೆರಳು ಒತ್ತುವಷ್ಟರಲ್ಲಿ ಮುಗಿದಿರುತ್ತದೆ. ಮೊದಲು ನನಗೆ ಸಿಗುತ್ತಿದ್ದದ್ದು ಬರೀ ನೊರೆ. ಈಗ ದೋಣಿಯೂ ಸಿಗುತ್ತದೆ, ಅಣಿಯದಲ್ಲಿ, ಅಂದರೆ ದೋಣಿಯ ಮುಂತುದಿಯಲ್ಲಿ, ಹಗ್ಗ ಹಿಡಿದು ಹಿಂದಕ್ಕೆ ಬಾಗಿದವನ ಮುಖವೂ ಸಿಗುತ್ತದೆ.

ಇನ್ನು ಮಿತಿಗಳು. ಬೆಳಕು ಹಿಡಿಯುವ ಸೆನ್ಸರ್ ಚಿಕ್ಕದು, 1/2.3 ಇಂಚು, 12 ಮೆಗಾಪಿಕ್ಸೆಲ್. ಮೊಬೈಲುಗಳಲ್ಲಿ ಇದಕ್ಕಿಂತ ದೊಡ್ಡವು ಬಂದಿವೆ. ಆಷಾಢದ ಬೆಳಿಗ್ಗೆ ಆರೂವರೆಗೆ ಮೋಡ ಕವಿದಾಗ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 800 ದಾಟಿದರೆ ಕಪ್ಪು ಭಾಗದಲ್ಲಿ ರವೆ ಚೆಲ್ಲಿದಂತೆ ಕಾಣುತ್ತದೆ. ಇಷ್ಟು ಚಿಕ್ಕ ಸೆನ್ಸರಿನ ಗುಣವೇ ಅದು. ಕ್ಯಾಮೆರಾ ಸಂಸ್ಕರಿಸದ ರಾ ಕಡತದಲ್ಲಿ ತೆಗೆದು ಮನೆಯಲ್ಲಿ ಸರಿಮಾಡಿದರೆ ಒಂದಿಷ್ಟು ತಿದ್ದಬಹುದು. ಷಟರ್ ವೇಗವನ್ನು ನಾವೇ ನಿಗದಿ ಮಾಡುವ ಮೋಡ್ ಇದರಲ್ಲಿಲ್ಲ. ನಾನು ಲೆನ್ಸ್ ಎಷ್ಟು ತೆರೆಯಬೇಕೆಂದು ನಾವೇ ಆರಿಸುವ ಎ ಮೋಡಿನಲ್ಲಿ ಅದನ್ನು ಪೂರ್ತಿ ತೆರೆದು ಐಎಸ್‌ಒ ಏರಿಸಿ ವೇಗ ಪಡೆಯುತ್ತೇನೆ, ಐದು ವರ್ಷದಲ್ಲಿ ಅದು ಕೈಗೆ ಕೂತಿದೆ. ಜೂಮ್ ನಾಲ್ಕು ಪಟ್ಟು ಮಾತ್ರ, 35 ಮಿ.ಮೀ. ಫಿಲ್ಮ್ ಕ್ಯಾಮೆರಾದ ಲೆಕ್ಕದಲ್ಲಿ 25ರಿಂದ 100 ಮಿ.ಮೀ.ಗೆ ಸಮ. ಒಡೆಯುವ ಅಲೆಯ ಆಚೆ ಇರುವ ದೋಣಿ ಇದರಲ್ಲಿ ಅಕ್ಕಿಕಾಳಿನಷ್ಟು ಕಾಣುತ್ತದೆ. ಕಡಲ ನಡುವಿನ ದೋಣಿಯೇ ಬೇಕು ಎನ್ನುವವರು ಇದನ್ನು ಕೊಳ್ಳಬೇಡಿ. ಬಲೆಯಿಂದ ಬೈಗೆ ಬಿಡಿಸುವ ಬೆರಳು, ಮಡಲು ಹೊದಿಸಿದ ದೋಣಿಯ ಅಡಿಯಲ್ಲಿ ಮಳೆಗೆ ಮುದುಡಿದ ನಾಯಿ, ಸೀಮೆಎಣ್ಣೆ ಕ್ಯಾನು ಹೊತ್ತು ಬರುವ ಹುಡುಗ, ಇಂಥವನ್ನು ಒಂದು ಮಾರು ದೂರದಿಂದ ತೆಗೆಯಲು ಇದರ ಅಗಲ ಕೋನ ಹೇಳಿ ಮಾಡಿಸಿದಂತಿದೆ. ನನ್ನ ಕೆಲಸವೂ ಕ್ರಮೇಣ ಅಲೆಯಿಂದ ಜನರ ಕಡೆಗೆ ತಿರುಗಿತು. ಅಷ್ಟು ಹತ್ತಿರ ಹೋಗಬೇಕಾದರೆ ಮೊದಲು ಮಾತಾಡಿಸಬೇಕು, ಕೇಳಬೇಕು. ಮನೆಯವರು ಕಡಲಿಗೆ ಹೋಗಿ ತಡವಾದಾಗ ದಡದಲ್ಲಿ ಕಾಯುವವರ ಮುಖಕ್ಕೆ ನಾನು ಕ್ಯಾಮೆರಾ ಎತ್ತುವುದಿಲ್ಲ.

2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂತು. ಲಾಕ್‌ಡೌನ್ ದಿನಗಳು ಬೇರೆ. ಕಡಲು ಕಲ್ಲಿನ ತಡೆಗೋಡೆ ಹಾರಿ ತೆಂಗಿನ ಬುಡಗಳಿಗೆ ಬಂತು. ಆ ದಿನ ನಾನು ತೆಗೆದದ್ದು ಕೆಲವೇ ಚಿತ್ರ, ಉಳಿದ ಹೊತ್ತೆಲ್ಲ ಬಲೆ ಸಾಗಿಸುವವರ ಜೊತೆ ಕಳೆಯಿತು. ಕ್ಯಾಮೆರಾ ಜೇಬಿನಲ್ಲೇ ನೆನೆಯುತ್ತಿತ್ತು. ತೆಗೆದ ಚಿತ್ರಗಳಲ್ಲಿ ಅರ್ಧಕ್ಕೆ ಲೆನ್ಸಿನ ಮೇಲೆ ಹನಿ ಕೂತ ಕಲೆಯಿದೆ. ಜಲನಿರೋಧಕ ಕ್ಯಾಮೆರಾ ಎಂದರೆ ಲೆನ್ಸಿನ ಮೇಲೆ ಹನಿ ನಿಲ್ಲುವುದಿಲ್ಲ ಎಂದಲ್ಲ, ಇದನ್ನು ಮೊದಲೇ ತಿಳಿದುಕೊಳ್ಳಿ. ಲೆನ್ಸನ್ನು ನೆಲದ ಕಡೆ ತಿರುಗಿಸಿ ಹಿಡಿದಿರಬೇಕು, ಹಳೆಯ ಮೆತ್ತನೆ ಬೈರಾಸಿನ ತುಂಡೊಂದು ಟೋಪಿಯೊಳಗೆ ಒಣಗಿರಬೇಕು. ಇನ್ನೊಂದು ಮಾತು: ಕ್ಯಾಮೆರಾ ನೀರಿಗೆ ತಡೆಯುತ್ತದೆ ಎಂದು ಬ್ರೇಕ್‌ವಾಟರಿನ ಟೆಟ್ರಾಪಾಡ್ (ಅಲೆ ತಡೆಯಲು ಪೇರಿಸಿದ ನಾಲ್ಕು ಕಾಲಿನ ಕಾಂಕ್ರೀಟ್ ದಿಮ್ಮಿ) ಹತ್ತಬೇಡಿ. ಪಾಚಿ ಹಿಡಿದ ಆ ಕಾಂಕ್ರೀಟಿನ ಮೇಲೆ ಕಾಲು ಜಾರಿದರೆ ನಡುವಿನ ಸಂದಿನಿಂದ ಎತ್ತುವುದು ಕಷ್ಟ. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟ ದಿನ ಮೀನುಗಾರರೇ ದಡದಿಂದ ಹಿಂದೆ ಸರಿದಿರುತ್ತಾರೆ, ನಾವೂ ಅವರ ಹಿಂದೆಯೇ ನಿಲ್ಲಬೇಕು.

ಈಗ ಆರೈಕೆ. ಐದು ಮಳೆಗಾಲ ಬಾಳಿದ್ದರ ಗುಟ್ಟು ಇಲ್ಲಿದೆ, ಸ್ವಲ್ಪ ಉದ್ದ ಬರೆಯುತ್ತೇನೆ. ಮನೆಗೆ ಬಂದ ಕೂಡಲೇ ಕ್ಯಾಮೆರಾದ ಬಾಗಿಲುಗಳನ್ನು ತೆರೆಯದೆ ಅದನ್ನು ಬಾವಿನೀರಿನ ಬಕೆಟಿನಲ್ಲಿ ಮುಳುಗಿಸಿಡುತ್ತೇನೆ. ಹತ್ತು ನಿಮಿಷ ಬಿಟ್ಟು ನೀರಿನಲ್ಲೇ ಪ್ರತಿ ಗುಂಡಿಯನ್ನೂ ಹತ್ತಾರು ಸಲ ಒತ್ತಬೇಕು, ಉಪ್ಪು ಕೂರುವುದು ಅವುಗಳ ಅಡಿಯಲ್ಲಿ. ಒಣಗಿದ ಉಪ್ಪು ಹರಳುಗಟ್ಟಿದ ಮೇಲೆ ತೊಳೆದರೆ ಪ್ರಯೋಜನ ಕಡಿಮೆ. ಆಮೇಲೆ ಒರೆಸಿ, ಫ್ಯಾನಿನ ಕೆಳಗೆ ರಾತ್ರಿಯಿಡೀ ಒಣಗಲು ಬಿಡುತ್ತೇನೆ. ಬಿಸಿಲಿಗೆ, ಹೇರ್ ಡ್ರೈಯರಿಗೆ ಹಿಡಿಯುವುದಿಲ್ಲ.

ಬ್ಯಾಟರಿ ಬಾಗಿಲನ್ನು ದಡದಲ್ಲಿ ಎಂದೂ ತೆರೆದಿಲ್ಲ. ಒಂದು ಮರಳಿನ ಕಣ, ಒಂದು ಕೂದಲೆಳೆ ಬಾಗಿಲಿನೊಳಗೆ ನೀರು ತಡೆಯುವ ರಬ್ಬರ್ ಪಟ್ಟಿಯ ಮೇಲೆ ಕೂತರೆ ನೀರಿಗೆ ಅಷ್ಟೇ ದಾರಿ ಸಾಕು. ಚಾರ್ಜಿಗೆ ಹೇಗೂ ಬಾಗಿಲು ತೆರೆಯಬೇಕು, ಆಗ ಪಟ್ಟಿಯನ್ನು ಟಾರ್ಚ್ ಬೆಳಕಿನಲ್ಲಿ ಸುತ್ತಲೂ ನೋಡುತ್ತೇನೆ. ಕಂಪನಿಯ ಲೆಕ್ಕದಲ್ಲಿ ಒಂದು ಬ್ಯಾಟರಿಗೆ ಸುಮಾರು 340 ಚಿತ್ರ. ಹೋದ ಜಾಗ ದಾಖಲಿಸುವ ಜಿಪಿಎಸ್ ಲಾಗ್ ಸ್ವಿಚ್ ಆರಿಸಿಟ್ಟರೆ ನನಗೆ ಒಂದು ಬೆಳಗಿಗೆ ಒಂದು ಸಾಕು. ಕ್ಯಾಮೆರಾ ಇಡುವುದು ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ಅಕ್ಕಿಡಬ್ಬಿಯಲ್ಲಿ ಹೂತಿಡಿ ಎಂದು ಹೇಳುವವರಿದ್ದಾರೆ, ಬೇಡ, ಅಕ್ಕಿಯ ಹುಡಿ ಸಂದಿಗೆಲ್ಲ ಹೋಗುತ್ತದೆ. ನೀಲಿ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿಮಾಡಿ, ಮತ್ತೆ ನೀಲಿಯಾಗುತ್ತದೆ. ಮೂರೂ ತಿಂಗಳು ಗೋಡೆ ಬೆವರುವ ನಮ್ಮೂರಿನಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯದೆ ಉಳಿದದ್ದು ಈ ಡಬ್ಬಿಯಿಂದ.

ರಬ್ಬರ್ ಪಟ್ಟಿಗಳನ್ನು ವರ್ಷಕ್ಕೊಮ್ಮೆ ಬದಲಿಸಿ ಎಂದು ಕೈಪಿಡಿ ಹೇಳುತ್ತದೆ. ನಾನು ಪ್ರತಿ ವರ್ಷ ಮಾಡಿಸಿಲ್ಲ. ಆದ್ದರಿಂದ ಮೂರನೆಯ ವರ್ಷದಿಂದ ಇದನ್ನು ಬೇಕೆಂದೇ ಆಳಕ್ಕೆ ಇಳಿಸುವುದು ನಿಲ್ಲಿಸಿದ್ದೇನೆ. ಮಳೆ, ಅಲೆಯ ಹೊಡೆತ, ಬಕೆಟ್ ಸ್ನಾನ, ಇಷ್ಟಕ್ಕೆ ಇನ್ನೂ ಗಟ್ಟಿಯಾಗಿದೆ. ಕೈಜಾರಿದರೆ ಕ್ಯಾಮೆರಾ ಮುಳುಗುತ್ತದೆ, ಕೆಂಪು ಬಣ್ಣದ ತೇಲುವ ಪಟ್ಟಿಯೊಂದನ್ನು ಮರೆಯದೆ ಕಟ್ಟಿಕೊಳ್ಳಿ.

ಪ್ರತಿ ವರ್ಷ ದೀಪಾವಳಿಯ ಹೊತ್ತಿಗೆ ಹತ್ತಿಪ್ಪತ್ತು ಚಿತ್ರ ಎ4 ಅಳತೆಯಲ್ಲಿ ಪ್ರಿಂಟ್ ಹಾಕಿಸಿ ಶೆಡ್ಡಿಗೆ ಕೊಡುತ್ತೇನೆ. 12 ಮೆಗಾಪಿಕ್ಸೆಲ್ ಅದಕ್ಕೆ ಧಾರಾಳ ಸಾಕು. ನಾನು ಬಹಳ ಮೆಚ್ಚಿದ, ಅಲೆಯ ನೆತ್ತಿಯ ಮೇಲೆ ದೋಣಿ ನಿಂತ ಚಿತ್ರವನ್ನು ಒಬ್ಬ ಹಿರಿಯರು ಬಹಳ ಹೊತ್ತು ನೋಡಿದರು. ಅಲೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ದೋಣಿಯೊಳಗಿನ ಒಂದೊಂದೇ ತಲೆಗೆ ಬೆರಳಿಟ್ಟು ಹೆಸರು ಹೇಳುತ್ತಾ ಹೋದರು. ಒಂದು ತಲೆ ಮಸುಕಾಗಿತ್ತು. "ಇವ ಯಾರ್ ಅಂದೇಳಿ ಕಾಂತಿಲ್ಲೆ" ಎಂದರು. ಅದರ ನಂತರದ ಮಳೆಗಾಲದಿಂದ ನಾನು ಐಎಸ್‌ಒ 1600ಕ್ಕೆ ಏರಿಸಲು ಹಿಂಜರಿದಿಲ್ಲ. ರವೆ ಚೆಲ್ಲಿದಂತಿದ್ದರೂ ಸರಿ, ಮುಖ ಅಲುಗಬಾರದು.

2023ರಲ್ಲಿ ಇದರ ಮುಂದಿನ ಮಾದರಿ ಟಿಜಿ-7, ಓಎಂ ಸಿಸ್ಟಮ್ ಹೆಸರಿನಲ್ಲಿ ಬಂದಿದೆ. ಯುಎಸ್‌ಬಿ-ಸಿ ಚಾರ್ಜಿಂಗ್ ಇದೆ, ಸೆನ್ಸರ್ ಹೆಚ್ಚುಕಡಿಮೆ ಅದೇ. ಹೊಸದಾಗಿ ಕೊಳ್ಳುವವರು ಅದನ್ನೇ ನೋಡಿ. ಸೆಕೆಂಡ್ ಹ್ಯಾಂಡ್ ಟಿಜಿ-6 ಸಿಕ್ಕರೆ ಹೊರಗಿನ ಗೀರುಗಳನ್ನು ಲೆಕ್ಕಿಸಬೇಡಿ. ಎರಡೂ ಬಾಗಿಲು ತೆರೆದು ರಬ್ಬರ್ ಪಟ್ಟಿಯಲ್ಲಿ ಬಿರುಕಿದೆಯೇ, ಬ್ಯಾಟರಿಯ ಗುಳಿಯಲ್ಲಿ ಹಸಿರು ಕಲೆ ಇದೆಯೇ ಎಂದು ನೋಡಿ. ಹಸಿರು ಕಂಡರೆ ಎಷ್ಟು ಅಗ್ಗವಾದರೂ ಬಿಟ್ಟು ಬನ್ನಿ.