ಸ್ಕ್ಯಾನ್ ಅಂಡ್ ಶೇರ್ ಒಪಿಡಿ ಟೋಕನ್: ಕೌಂಟರಿನಲ್ಲಿ ಸಲೀಸು, ಡಾಕ್ಟರ ಮೇಜಿನಲ್ಲಿ ತಕರಾರು

ಕೋಲಾರ ಭಾಗದ ಸರ್ಕಾರಿ ಆಸ್ಪತ್ರೆಗಳಿಗೆ ಹೋಗುವವರು ತಿಳಿದಿರಬೇಕಾದ ಸೇವೆ ಸ್ಕ್ಯಾನ್ ಅಂಡ್ ಶೇರ್, ಅಂದರೆ ಫೋನಿನಿಂದಲೇ ಒಪಿಡಿ (ಹೊರರೋಗಿ ವಿಭಾಗ) ಟೋಕನ್ ಪಡೆಯುವುದು. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಅಡಿ 2022ರಲ್ಲಿ ಬಂತು. ಆಭಾ (ಡಿಜಿಟಲ್ ಆರೋಗ್ಯ ಖಾತೆ ಸಂಖ್ಯೆ) ಆ್ಯಪ್‌ನಿಂದ ಗೋಡೆಯ ಮೇಲಿನ ಕ್ಯೂಆರ್ ಸ್ಕ್ಯಾನ್ ಮಾಡಿ ಶೇರ್ ಒತ್ತಿದರೆ ಹೆಸರು, ವಯಸ್ಸು, ಲಿಂಗ, ವಿಳಾಸ ಕೌಂಟರಿನ ಕಂಪ್ಯೂಟರಿಗೆ ಹೋಗಿ ಟೋಕನ್ ಬರುತ್ತದೆ. ಟೈಪ್ ಮಾಡುವ ಕೆಲಸ ತಪ್ಪುವುದರಿಂದ ನೋಂದಣಿ ಸಿಬ್ಬಂದಿ ಇದನ್ನು ಬೇಗ ಒಪ್ಪಿಕೊಳ್ಳುತ್ತಾರೆ.

ಎಡವಟ್ಟಾಗುವುದು ಆಭಾ ಮಾಡಿಸುವಾಗ. 14 ಅಂಕಿಯ ಈ ಸಂಖ್ಯೆಗೆ ಸಾಮಾನ್ಯವಾಗಿ ಆಧಾರ್ ಒಟಿಪಿ ಬೇಕು. ಅಜ್ಜಿ ಸಾಲಿನಲ್ಲಿ ನಿಂತಿದ್ದರೆ, ಅವರ ಆಧಾರಿಗೆ ಜೋಡಿಸಿದ ನಂಬರು ಬೆಂಗಳೂರಿನಲ್ಲಿರುವ ಮಗನ ಫೋನಿನಲ್ಲಿರುತ್ತದೆ. ಇದನ್ನು ಆಶಾ ಕಾರ್ಯಕರ್ತೆಯರ ಮೂಲಕ ಮೊದಲೇ ಮನೆಯಲ್ಲಿ ಮಾಡಿಸುವುದು ಒಳ್ಳೆಯದು.

ಡಾಕ್ಟರುಗಳ ಅಸಮಾಧಾನ ನ್ಯಾಯವಾದದ್ದೇ. ಚೀಟಿಯಲ್ಲೂ ಬರೆಯಿರಿ, ಕಂಪ್ಯೂಟರಿಗೂ ತುಂಬಿ ಎಂದರೆ ಯಾರು ತಾನೇ ಒಪ್ಪುತ್ತಾರೆ? ಒಂದೇ ವಿಭಾಗದಲ್ಲಿ ಶುರು ಮಾಡಿ, ಅಲ್ಲಿನ ಹಳೆಯ ರಿಜಿಸ್ಟರನ್ನು ಲಿಖಿತ ಆದೇಶದಿಂದಲೇ ನಿಲ್ಲಿಸಬೇಕು. ಕರೆಂಟ್ ಹೋದರೆ ಇರಲಿ ಎಂದು ಯುಪಿಎಸ್ ಜೊತೆ ಕೈಚೀಟಿ ಕಟ್ಟೂ ಬೇಕು. ಆಭಾ ಕಡ್ಡಾಯವಲ್ಲ, ಸ್ಮಾರ್ಟ್‌ಫೋನ್ ಇಲ್ಲದವರಿಗೆ ಮಾಮೂಲಿ ಕೌಂಟರ್ ಮುಚ್ಚಕೂಡದು.