ಕಪ್ಪು, ಹಳದಿ, ಗುಲಾಬಿ: ಮೈಗ್ರೇನ್‌ಗೆ ನಾನು ಹಾಕಿ ನೋಡಿದ ಮೂರು ಕನ್ನಡಕ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಗುಲಾಬಿಗೆ. ಈಗಲೂ ಅದನ್ನೇ ಹಾಕಿಕೊಂಡು ಕೂತಿದ್ದೇನೆ. ಆದರೆ ಅದಕ್ಕಿಂತ ಮುಂಚೆ ಇನ್ನೆರಡಕ್ಕೆ ದುಡ್ಡು ಸುರಿದಿದ್ದೆ. ಈ ಗುಲಾಬಿಗೂ ಎರಡು ಸಲ ಕೊಟ್ಟೆ. ಅದು ನನ್ನದೇ ತಪ್ಪು.

ನನಗೆ ಅರೆತಲೆನೋವು ಬಂದರೆ ಆ ದಿನ ಹೋಯಿತು ಅಂತಲೇ ಲೆಕ್ಕ. ಬಾಗಿಲ ಸಂದಿಯಿಂದ ಬರುವ ಗೆರೆಯಷ್ಟು ಬೆಳಕೂ ಕಣ್ಣಿಗೆ ಚುಚ್ಚುತ್ತದೆ. ನೋವಿಲ್ಲದ ದಿನವೂ ಆಫೀಸಿನ ಟ್ಯೂಬ್‌ಲೈಟ್ ನನಗೆ ಆಗಿಬರುವುದಿಲ್ಲ.

ಕಪ್ಪು ಕನ್ನಡಕ ಬಿಸಿಲಿಗೆ ಚೆನ್ನಾಗಿದೆ, ತಕರಾರಿಲ್ಲ. ನಾನು ಅದನ್ನು ಒಳಗೂ ಹಾಕಲು ಶುರುಮಾಡಿದೆ. ಮೊದಲ ವಾರ ಹಾಯಾಗಿತ್ತು. ಮೂರನೇ ವಾರಕ್ಕೆ ಫ್ರಿಜ್ ಬಾಗಿಲು ತೆಗೆದರೆ ಒಳಗಿನ ಪುಟ್ಟ ಬಲ್ಬಿಗೇ ಮುಖ ತಿರುಗಿಸುವ ಹಾಗಾಯಿತು. ಮಧ್ಯಾಹ್ನದ ಸಿನಿಮಾ ಮುಗಿಸಿ ಹೊರಗೆ ಬಂದಾಗ ಕಣ್ಣು ಕುಕ್ಕುತ್ತದಲ್ವಾ, ಹಾಗೆ. ಇಡೀ ದಿನ ಕತ್ತಲು ಕೊಟ್ಟರೆ ಕಣ್ಣು ಕತ್ತಲೆಗೇ ಒಗ್ಗಿಕೊಳ್ಳುತ್ತದೆ, ಆಮೇಲೆ ಸಾಧಾರಣ ಬೆಳಕೂ ಜಾಸ್ತಿ ಅನ್ನಿಸುತ್ತದೆ. ಮನೆಯೊಳಗೆ ಹಾಕಬೇಡಿ ಎಂದು ಕಣ್ಣಿನ ಡಾಕ್ಟರು ಬೈದ ಮೇಲೆ ಬಿಟ್ಟೆ.

ಸ್ಕ್ರೀನಿಗೆ ಅಂತ ಮಾರುವ ತೆಳು ಹಳದಿಯ ಬ್ಲೂಲೈಟ್ ಕನ್ನಡಕ: ಹಾಕಿದರೂ ಒಂದೇ, ಬಿಟ್ಟರೂ ಒಂದೇ.

ಗುಲಾಬಿಯ ಹೆಸರು ಎಫ್‌ಎಲ್-41. ಇದು ಎಲ್ಲ ಬೆಳಕನ್ನೂ ಮಬ್ಬು ಮಾಡುವುದಿಲ್ಲ. 480 ನ್ಯಾನೊಮೀಟರ್ ಅಲೆಯುದ್ದದ ಆಸುಪಾಸಿನ ನೀಲಿ-ಹಸಿರು ಬೆಳಕನ್ನು ಹೆಚ್ಚಾಗಿ ಸೋಸುತ್ತದೆ. ಕಣ್ಣಿನ ಒಳಪರದೆ ರೆಟಿನಾದಲ್ಲಿ ಮೆಲನಾಪ್ಸಿನ್ ಎಂಬ, ಬೆಳಕು ಗ್ರಹಿಸುವ ವಸ್ತು ಇರುವ ಕೆಲವು ಕೋಶಗಳಿವೆ. ಅವು ಆ ಬೆಳಕಿಗೇ ಜಾಸ್ತಿ ಸ್ಪಂದಿಸುತ್ತವೆ. ಮೈಗ್ರೇನ್‌ನಲ್ಲಿ ಬೆಳಕು ನೋವು ಕೆರಳಿಸುವುದರಲ್ಲಿ ಅವುಗಳ ಕೈವಾಡವಿದೆ. ಮೈಗ್ರೇನ್ ಇದ್ದ ಮಕ್ಕಳ ಮೇಲೆ 1991ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಈ ಕನ್ನಡಕ ಹಾಕಿದವರಿಗೆ ತಿಂಗಳಿಗೆ ಸರಾಸರಿ 6.2 ಸಲ ಬರುತ್ತಿದ್ದ ನೋವು 1.6ಕ್ಕೆ ಇಳಿದಿತ್ತು. ನನಗೆ ಅಂಥ ಪವಾಡವೇನೂ ಆಗಲಿಲ್ಲ. ಆದರೆ ಸಂಜೆಯವರೆಗೆ ಟ್ಯೂಬ್‌ಲೈಟ್ ಕೆಳಗೆ ಕೂರಬಲ್ಲೆ. ನನಗೆ ಅಷ್ಟು ಸಾಕು.

ಈಗ ಆ ತಪ್ಪಿನ ಕಥೆ. ಆರ್ಡರ್ ಮಾಡುವಾಗ ಅಂಗಡಿಯವನು, "ಹಿಂದುಗಡೆ ಆ್ಯಂಟಿ-ರಿಫ್ಲೆಕ್ಷನ್ ಕೋಟಿಂಗ್ ಬೇಕಾ ಸಾರ್?" ಎಂದು ಕೇಳಿದ. ಅಂದರೆ ಗಾಜಿನ ಮೇಲೆ ಬೆಳಕು ಪ್ರತಿಫಲಿಸದ ಹಾಗೆ ಹಚ್ಚುವ ಲೇಪ. ಹಿಂದುಗಡೆ ಯಾಕೆ, ಬೆಳಕು ಬರೋದು ಮುಂದಿಂದ ತಾನೆ ಅಂದುಕೊಂಡು ಬೇಡ ಅಂದೆ. ಒಂದಿಷ್ಟು ಉಳಿಯಿತು ಅಂತ ಖುಷಿ ಬೇರೆ.

ಆಫೀಸಿನಲ್ಲಿ ನನ್ನ ಬೆನ್ನ ಹಿಂದೆ, ಸ್ವಲ್ಪ ಮೇಲೆ, ಒಂದು ಟ್ಯೂಬ್‌ಲೈಟ್ ಇದೆ. ಅದರ ಬೆಳಕು ಗಾಜಿನ ಒಳಮೈಗೆ ಬಡಿದು ನೇರ ಕಣ್ಣಿಗೆ ಬೀಳುತ್ತಿತ್ತು. ಗಾಜಿನ ಅಂಚಿನಲ್ಲಿ ಉದ್ದನೆಯ ಬಿಳಿ ಪಟ್ಟಿ, ಅದರ ಪಕ್ಕದಲ್ಲಿ ನನ್ನದೇ ರೆಪ್ಪೆಗೂದಲು! ತಲೆ ಅಲ್ಲಾಡಿಸಿದರೆ ಪಟ್ಟಿಯೂ ಅಲ್ಲಾಡುತ್ತದೆ. ಕುರ್ಚಿ ತಿರುಗಿಸಿದೆ. ಟೋಪಿ ಹಾಕಿದೆ. ಕಿವಿಯ ಹತ್ತಿರ ಕೈ ಅಡ್ಡ ಹಿಡಿದು ಒಂದೇ ಕೈಯಲ್ಲಿ ಟೈಪ್ ಮಾಡಿದೆ. ಪಕ್ಕದವರು ಕಿವಿನೋವಾ ಅಂತ ಕೇಳಿದರು. ಎರಡು ವಾರ ಒದ್ದಾಡಿ ಹೊಸ ಗಾಜು ಹಾಕಿಸಿದೆ, ಈ ಸಲ ಹಿಂದುಗಡೆ ಕೋಟಿಂಗ್ ಸಮೇತ. ಪಟ್ಟಿ ಮಾಯ.

ಇನ್ನೊಂದು ಮಾತು. ನೋವು ಪೂರ್ತಿ ಏರಿದ ಮೇಲೆ ಯಾವ ಕನ್ನಡಕವೂ ಕೆಲಸಕ್ಕೆ ಬರಲಿಲ್ಲ. ಆಗ ಮಾತ್ರೆ, ಕತ್ತಲೆ ಕೋಣೆ, ಅಷ್ಟೇ.

ನನಗೆ ಮೊದಲೇ ನಂಬರ್ ಕನ್ನಡಕ ಇತ್ತು, ದಿನಕ್ಕೆ ಎಂಟು ಗಂಟೆ ಒಳಗಿನ ಕೆಲಸ. ಹಾಗಾಗಿ ಗುಲಾಬಿಗೆ ಎರಡು ಸಲ ಕೊಟ್ಟ ದುಡ್ಡೂ ದಂಡ ಅನ್ನಿಸಲಿಲ್ಲ. ನಿಮ್ಮ ಓಡಾಟವೆಲ್ಲ ಬಿಸಿಲಲ್ಲಾದರೆ ಕಪ್ಪು ಸಾಕು, ಒಳಗೆ ಬಂದ ಕೂಡಲೇ ತೆಗೆದಿಡಿ. ಗುಲಾಬಿ ತಗೊಂಡರೆ ಅದನ್ನು ಹಾಕಿಕೊಂಡು ಬಟ್ಟೆ ಅಂಗಡಿಗೆ ಹೋಗಬೇಡಿ. ನಾನು ಬಿಳಿ ಅಂತ ತಂದ ಅಂಗಿ ಮನೆಯಲ್ಲಿ ಕನ್ನಡಕ ತೆಗೆದು ನೋಡಿದರೆ ತೆಳು ಗುಲಾಬಿ.